ಲೋಕನಾಥನಿಗೊಂದು ಕುರ್ಚಿ

ಮಿಜಾರಿನ ಆ ಗುತ್ತಿನ ಮನೆಯಲ್ಲಿ, ಊರಿಗೇ ಹಿರಿದಾದ ಮನೆತನದಲ್ಲಿ, ಯಜಮಾನಿಕೆ ಮಗನಿಗೆ ಬರುವುದಿಲ್ಲ, ತಂಗಿಯ ಮಗನಿಗೆ ಬರುತ್ತದೆ. ಯಜಮಾನ ಕಮಲಾಕ್ಷ ಶೆಟ್ಟರಿಗೆ ಇಬ್ಬರು ಅಳಿಯಂದಿರು: ಹಿರಿಯ ತಂಗಿಯ ಮಗ ಲೋಕನಾಥ, ಕಿರಿಯವಳ ಮಗ ನಿತ್ಯಾನಂದ. ಹಕ್ಕು ಲೋಕನಾಥನದು, ಅಕ್ಕರೆ ನಿತ್ಯಾನಂದನ ಮೇಲೆ. ಮೀನಿನ ದೊಡ್ಡ ತುಂಡು ಯಾರ ಎಲೆಗೆ ಹೋಗುತ್ತದೆಂದು ನೋಡಿಯೇ ಲೋಕನಾಥನ ಹೆಂಡತಿ ಶಶಿಪ್ರಭಾಳಿಗೆ ಇದು ತಿಳಿದಿತ್ತು.

ಐವತ್ತೊಂಬತ್ತನೇ ಇಸವಿಯ ನಾರಾವಿ ಕಂಬಳದಲ್ಲಿ ಕೋಣ ಓಡಿಸುವವನಿಗೆ ಜ್ವರ ಬಂತು.

"ಗುತ್ತಿನ ಕೋಣ ಓಡದೆ ಹಿಂದೆ ಹೋಗುವುದಾ? ಲೋಕು, ನೀನು ಓಡು. ಇಲ್ಲದಿದ್ದರೆ ಹೆಂಡತಿಯ ಸೀರೆ ತರಿಸ್ತೇನೆ, ಉಟ್ಟುಕೊ" ಎಂದರು ಮಾವ, ಗದ್ದೆಯೆಲ್ಲ ಕೇಳುವಂತೆ.

ಓಡಿದ. ಕೆಸರಿನಲ್ಲಿ ಕಾಲು ಹೂತುಹೋಯಿತು, ಮೈಯನ್ನು ಕೋಣಗಳು ಎಳೆದುಕೊಂಡು ಹೋದವು.

ಮಂಗಳೂರಿನ ಸರ್ಜನರು ಮೊಣಕಾಲು ಬಿಡಿಸಿ ನೋಡಿದರೆ ಒಳಗೆ ಎಲುಬುಗಳನ್ನು ಹಿಡಿದಿಡುವ ಅಡ್ಡ ನಾರೂ ಪಕ್ಕದ ನಾರೂ ಎರಡೂ ಹರಿದಿದ್ದವು. ತೊಡೆಯಿಂದ ಪಟ್ಟಿಯೊಂದನ್ನು ಕೊಯ್ದು ಅಡ್ಡ ನಾರಿನ ಜಾಗಕ್ಕೆ ಕೂರಿಸಿ, ಪಕ್ಕದ್ದನ್ನು ಹೊಲಿದು, ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು.

"ಎರಡೂ ಒಂದಕ್ಕೊಂದು ಆಸರೆ, ಅಮ್ಮ. ನಾನು ಬಿಚ್ಚುವವರೆಗೆ ಮಂಡಿ ಮಡಚಬಾರದು. ಒಂದು ಹೋದರೆ ಇನ್ನೊಂದೂ ಹೋಗ್ತದೆ. ಮತ್ತೆ ಹೊಲಿಯಲಿಕ್ಕೆ ಏನೂ ಉಳಿಯುವುದಿಲ್ಲ" ಎಂದರು ಶಶಿಪ್ರಭಾಳಿಗೆ.

ಖರ್ಚೆಲ್ಲ ಮಾವನದೇ. ಊರು ಹೊಗಳಿತು. ಪ್ಲಾಸ್ಟರ್ ಬಿಚ್ಚಲು ಇನ್ನೂ ತಿಂಗಳಿರುವಾಗ ಅವರು ಮನೆಯ ದೈವದ ನೇಮೋತ್ಸವಕ್ಕೆ ದಿನ ಗೊತ್ತು ಮಾಡಿದರು. ಅಂದು ಲೋಕನಾಥ ದೈವದ ಮುಂದೆ ಮಂಡಿಯೂರಿ, ಕತ್ತಿ ಪಡೆದು, ಎದ್ದು ನಿಲ್ಲಬೇಕು. ಅದೇ ಗಡಿ ಹಿಡಿಯುವುದು. ಹಿಡಿದವನೇ ಮುಂದಿನ ಯಜಮಾನ.

"ಮಾವ, ಒಂದು ತಿಂಗಳು ಮುಂದೆ ಹಾಕುವ" ಎಂದಳು ಶಶಿಪ್ರಭಾ.

"ದೈವಕ್ಕೆ ಕಾಯಲಿಕ್ಕೆ ಹೇಳುವುದು ಯಾರು, ನೀನಾ?"

"ಹಾಗಾದರೆ ಕುರ್ಚಿಯಲ್ಲಿ ಕೂತು ಹಿಡಿಯಲಿ."

"ಕುರ್ಚಿಯಾ!" ಮಾವ ನಿತ್ಯಾನಂದನ ಕಡೆ ತಿರುಗಿ ನಕ್ಕರು. "ಕೇಳಿದೆಯಾ ಮಾರಾಯ? ದೈವ ನಿಲ್ಲುವುದು, ನಮ್ಮ ಲೋಕು ಕೂರುವುದು! ಆಗದಿದ್ದರೆ ಬೇಡ ಮಗಳೇ, ಒತ್ತಾಯ ಇಲ್ಲ. ಹಿಡಿಯುವವರು ಬೇರೆ ಉಂಟು."

ನೇಮದ ದಿನ ಬೆಳಿಗ್ಗೆ ಲೋಕನಾಥ ಅಡುಗೆಮನೆಯ ಚೂರಿಯನ್ನು ಹೆಂಡತಿಯ ಮುಂದಿಟ್ಟ. "ಪ್ಲಾಸ್ಟರ್ ಕೊಯ್ಯಿ."

"ಡಾಕ್ಟರು ಹೇಳಿದ್ದು ನಿಮಗೂ ಕೇಳಿದೆಯಲ್ಲ?"

"ಕೇಳಿದೆ. ನಿನಗಾಗದಿದ್ದರೆ ನಿತ್ಯನನ್ನು ಕರೀತೇನೆ. ಅವ ಸಂತೋಷದಲ್ಲಿ ಕೊಯ್ದಾನು."

ಅವಳೇ ಕೊಯ್ದಳು. ಒಳಗಿನ ಕಾಲು ಬಾಳೆದಿಂಡಿನಂತೆ ಬಿಳಿಚಿತ್ತು.

ಸಂಜೆ ಅವನು ಹಲ್ಲು ಕಚ್ಚಿ ಮಂಡಿ ಮಡಚಿದ. ಕತ್ತಿ ಕೈಗೆ ಬಂತು. ಚಾವಡಿಯ ಕಂಬ ಹಿಡಿದು ನಿಂತಿದ್ದ ಶಶಿಪ್ರಭಾ ಅವನ ಮುಖ ನೋಡಲಿಲ್ಲ, ಮೊಣಕಾಲನ್ನೇ ನೋಡುತ್ತಿದ್ದಳು. ಅವನು ಎದ್ದ. ಪೂರ್ತಿ ಎದ್ದು ನಿಂತ. ಅವಳು ಹಿಡಿದ ಉಸಿರು ಬಿಡುವುದರೊಳಗೆ ಮೊಣಕಾಲು ಪಕ್ಕಕ್ಕೆ, ಯಾವ ಕಾಲೂ ಬಾಗದ ಕಡೆಗೆ ಬಾಗಿತು. ಒಣ ತೆಂಗಿನ ಗರಿ ಮುರಿದ ಹಾಗೆ ಸದ್ದಾಯಿತು.

ಮಾವ ಓಡಿ ಬಂದರು. ಮೊದಲು ಕತ್ತಿ ಎತ್ತಿಕೊಂಡರು. ಅದರ ಧೂಳನ್ನು ಶಾಲಿನಲ್ಲಿ ಒರೆಸಿ ನಿತ್ಯಾನಂದನ ಕೈಗಿತ್ತರು.

"ಬಿದ್ದವನ ಕೈಯಲ್ಲಿ ಗಡಿ ಇರಬಾರದು" ಎಂದರು.

ಆಮೇಲೆ ಶಶಿಪ್ರಭಾಳ ಕಡೆ ನೋಡಿ, ಬಹಳ ಮೆತ್ತಗೆ ಹೇಳಿದರು: "ಪಾಪ, ನಮ್ಮ ಲೋಕುವಿಗೊಂದು ಕುರ್ಚಿ ತಾ ಮಗಳೇ."