ಕೊಳ್ಳುವ ಮುಂಚಿನ ಕೊಸರು

ಕಳೆದ ವರ್ಷ ನನ್ನ ಅಕ್ಕ ಸೆನೋವಿಯಾ ಆಲೂಗಡ್ಡೆ ಸಾಲಿನ ನಲವತ್ತು ಹೆಂಗಸರನ್ನು ಒಂದೇ ಏಟಿಗೆ ಚೀಸ್ ಸಾಲಿಗೆ ಸೇರಿಸಿಬಿಟ್ಟಳು. ಬೇಕೆಂದು ಮಾಡಿದ್ದಲ್ಲ. ಸಾಂತಿಯಾಗೊ ಹಬ್ಬಕ್ಕೆ ನಮ್ಮ ಬೆಟ್ಟದೂರು ವಾಂಕಾಯೊದ ಮಾರುಕಟ್ಟೆಯ ಒಂದೊಂದು ಸಾಲೂ ತನ್ನದೇ ಬಣ್ಣದ ಲಂಗ ತೊಟ್ಟು ಬೀದಿಗಿಳಿದು ಕುಣಿಯುತ್ತದೆ. ಆಲೂಗಡ್ಡೆ ಮಾರುವವರದು ರಾಣಿ ಗುಲಾಬಿ, ಚೀಸ್ ಮಾರುವವರದು ನೇರಳೆ. ಒಬ್ಬರ ತಕ್ಕಡಿ ಕೆಟ್ಟರೆ ಇನ್ನೊಬ್ಬರು ತೂಕದ ಕಲ್ಲು ಕೂಡ ಎರವಲು ಕೊಡುವುದಿಲ್ಲ, ಅಷ್ಟು ಸ್ನೇಹ. ಅಕ್ಕ ತೆಗೆದ ಫೋಟೋಗಳು ಆಲ್ಬಮ್ ಆಗಿ ಅಚ್ಚಾಗಿ ಬಂದಾಗ ಆಲೂಗಡ್ಡೆ ಸಾಲಿನವರೆಲ್ಲ ಸೊಗಸಾದ ನೇರಳೆ ಲಂಗದಲ್ಲಿ ಕುಣಿಯುತ್ತಿದ್ದರು.

ಆ ಸಾಲಿನ ಯಜಮಾನಿ ದೋನ್ಯಾ ಫೋರ್ತುನಾತಾ ಆಲ್ಬಮ್ ಹಿಡಿದುಕೊಂಡು ಅಕ್ಕನ ಸ್ಟುಡಿಯೋಗೆ ಬಂದವಳು ಕೂರಲೂ ಇಲ್ಲ.

"ಏನಮ್ಮಾ, ನಾಳೆಯಿಂದ ನಾನು ಚೀಸ್ ಮಾರಬೇಕಾ? ಅವರು ಅಂಗಡಿ ಮುಂದೆ ನಿಂತ್ಕೊಂಡು 'ಬನ್ನಿ ಅಕ್ಕಾ, ನಮ್ಮ ಕಡೆ ಬಂದ್ಬಿಟ್ರಲ್ಲ' ಅಂತ ಹಲ್ಲು ಕಿಸೀತಾವ್ರೆ. ಮುಂದಿನ ಹಬ್ಬಕ್ಕೆ ಇನ್ನೊಂದೇ ಒಂದು ಅವಕಾಶ ಕೊಡ್ತೀನಿ. ಮತ್ತೆ ಬಣ್ಣ ತಪ್ಪಿದ್ರೆ ಮಾರುಕಟ್ಟೇಲಿ ಯಾವ ಸಾಲಿನವರೂ ನಿನ್ನ ಕರೆಯಲ್ಲ, ನೋಡ್ಕೋ."

ಅದು ಬರಿಯ ಬೆದರಿಕೆಯಲ್ಲ. ಅಕ್ಕನ ವರ್ಷದ ಕೆಲಸದಲ್ಲಿ ಮುಕ್ಕಾಲು ಪಾಲು ಮಾರುಕಟ್ಟೆಯವರದೇ. ಮದುವೆ, ನಾಮಕರಣ, ಹಬ್ಬ ಎಲ್ಲಕ್ಕೂ ಅವರು ಅವಳನ್ನೇ ಕರೆಯುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ತಪ್ಪು ಎಲ್ಲಿ ಆಯಿತೆಂದು ಹುಡುಕುವುದು ನನ್ನ ಪಾಲಿಗೆ ಬಂತು. ಅಕ್ಕನ ಕಂಪ್ಯೂಟರಿನ ಪರದೆಯ ಪಕ್ಕಕ್ಕೆ ಒಂದು ಬಿಳಿ ಹಾಳೆ ಹಿಡಿದು ನೋಡಿದಾಗ ಗೊತ್ತಾಯಿತು. ಹತ್ತು ವರ್ಷದ ಆ ಪರದೆ ಬಿಳಿಯನ್ನೇ ಕೆಂಪಗೆ ತೋರಿಸುತ್ತಿತ್ತು. ಅದರಲ್ಲಿ ಲಂಗಗಳು ತೀರಾ ಕೆಂಪಾಗಿ ಕಂಡದ್ದರಿಂದ ಅಕ್ಕ ಪಾಪ, ಕೆಂಪು ಕಡಿಮೆ ಮಾಡುತ್ತಾ ಹೋಗಿದ್ದಳು. ಅಚ್ಚಿನವರು ಅವಳು ಕಳಿಸಿದ್ದನ್ನು ಪ್ರಾಮಾಣಿಕವಾಗಿ ಅಚ್ಚು ಹಾಕಿದ್ದರು. ಕಂಪ್ಯೂಟರ್ ಕೂಡ ಮುದಿಯಾಗಿತ್ತು. ಒಂದು ಫೋಟೋ ತೆರೆಯುವಷ್ಟರಲ್ಲಿ ಒಂದು ಲೋಟ ಕೋಕಾ ಎಲೆಯ ಕಷಾಯ ಕುಡಿದು ಮುಗಿಯುತ್ತಿತ್ತು.

ಹಾಗಾಗಿ ಈ ವರ್ಷ ಜೂನ್ ತಿಂಗಳಲ್ಲಿ, ಹಬ್ಬಕ್ಕೆ ಇನ್ನೂ ಐದು ವಾರವಿರುವಾಗ, ನಾವಿಬ್ಬರೂ ಹೊಸ ಕಂಪ್ಯೂಟರ್ ಕೊಳ್ಳಲು ಬೆಟ್ಟ ಇಳಿದು ಲಿಮಾಕ್ಕೆ ಹೋದೆವು. ಅಕ್ಕನ ಹತ್ತಿರ ಎರಡೂವರೆ ಸಾವಿರ ಸೋಲ್ ಹಣವಿತ್ತು. ಅದರ ಮೇಲೆ ಒಂದು ಸೋಲ್ ಕೂಡ ಇಲ್ಲವೆಂದು ಬಸ್ಸಿನಲ್ಲಿ ಮೂರು ಸಲ ಹೇಳಿದಳು. ನನ್ನ ಹತ್ತಿರ ಮೂರು ವಾರ ಓದಿ ತಯಾರಿಸಿದ ಒಂದು ಪಟ್ಟಿಯಿತ್ತು. ಮೊದಲ ಸಾಲಿನಲ್ಲಿ ಪ್ರೊಸೆಸರ್, ಎರಡನೆಯದರಲ್ಲಿ ಗ್ರಾಫಿಕ್ಸ್ ಕಾರ್ಡ್, ಆಮೇಲೆ ಮೆಮೊರಿ, ಡಿಸ್ಕ್. ಕಟ್ಟಕಡೆಯಲ್ಲಿ "ಪರದೆ: ಉಳಿದ ಹಣದಲ್ಲಿ" ಎಂದು ಬರೆದಿದ್ದೆ. ಕೆಟ್ಟದ್ದು ಪರದೆಯೆಂದು ನಾನೇ ಕಂಡುಹಿಡಿದು, ಅದನ್ನೇ ಕೊನೆಗೆ ತಳ್ಳಿದ್ದೆ. ಇದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅಕ್ಕ ತನ್ನ ಚೀಲದಲ್ಲಿ ಪಟ್ಟಿ ಗಿಟ್ಟಿ ಏನೂ ಇಟ್ಟುಕೊಂಡಿರಲಿಲ್ಲ. ಫೋರ್ತುನಾತಾಳ ಲಂಗ ಹೊಲಿದಾಗ ಉಳಿದ ಅಂಗೈಯಗಲದ ಒಂದು ಬಟ್ಟೆ ತುಂಡು, ಅದೇ ತುಂಡನ್ನು ಬಿಳಿ ಹಾಳೆಯ ಪಕ್ಕದಲ್ಲಿಟ್ಟು ನಾವಿಬ್ಬರೂ ಎಚ್ಚರಿಕೆಯಿಂದ ತೆಗೆದ ಫೋಟೋ ಇದ್ದ ಒಂದು ಪೆನ್‌ಡ್ರೈವ್, ಇಷ್ಟೇ.

ಕಂಪ್ಯೂಟರ್ ಅಂಗಡಿಗಳೇ ತುಂಬಿದ ವಿಲ್ಸನ್ ಬೀದಿಯಲ್ಲಿ ಬೆಳಿಗ್ಗೆ ಹತ್ತಕ್ಕೇ ಕೂಗಾಟ ಶುರುವಾಗಿತ್ತು. ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಎರ್ಮೋಹೆನೆಸ್ ಎಂಬ ಐವತ್ತು ದಾಟಿದ ವ್ಯಾಪಾರಿ, ಕನ್ನಡಕವನ್ನು ಹಣೆಗೇರಿಸಿಕೊಂಡು, ನಮ್ಮನ್ನು ದಾರಿಯಲ್ಲೇ ಅಡ್ಡ ಹಾಕಿದ.

"ಬನ್ನಿ ತಾಯಿ, ಬನ್ನಿ ಇಂಜಿನಿಯರೇ, ಏನು ಕೊಡ್ಲಿ?"

"ನಾನು ಇಂಜಿನಿಯರ್ ಅಲ್ಲ, ಮೇಷ್ಟ್ರು," ಅಂದೆ.

"ಆಗ್ಲಿ ಇಂಜಿನಿಯರೇ. ಯಾವ ಕೆಲಸಕ್ಕೆ?"

"ಫೋಟೋ ತಿದ್ದೋಕೆ," ಅಂದಳು ಅಕ್ಕ.

ಅವನು ಗಾಜಿನ ಪಕ್ಕೆಯ ಒಂದು ಕಂಪ್ಯೂಟರ್ ಡಬ್ಬ ತೋರಿಸಿದ. ಒಳಗೆ ಏಳು ಬಣ್ಣದ ದೀಪಗಳು ಒಂದರ ಹಿಂದೊಂದು ಓಡುತ್ತಿದ್ದವು. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇತ್ತು. ನನ್ನ ಪಟ್ಟಿಯ ಎರಡನೆಯ ಸಾಲು ಮೂರ್ತಿವೆತ್ತಂತೆ ಕಂಡಿತು. ಜೊತೆಗೆ ಬಿಲ್ಲಿನಂತೆ ಬಾಗಿದ ಅಗಲವಾದ ಪರದೆ. ಎರಡೂ ಸೇರಿ ಅಕ್ಕನ ಹಣಕ್ಕೆ ಸರಿಹೊಂದುವಂತೆ ಅವನು ಬೆಲೆ ಇಳಿಸಲು ಸಿದ್ಧನಿದ್ದ.

"ಅಕ್ಕಾ, ಇದೇ. ಇದನ್ನ ಬಿಟ್ರೆ ಇಲ್ಲ," ಅಂದೆ.

"ದೀಪ ಯಾಕಪ್ಪ ಒಳಗೆ? ಕತ್ತಲೇಲಿ ಹೆದರುತ್ತಾ ಅದು?" ಎನ್ನುತ್ತಾ ಅಕ್ಕ ಪೆನ್‌ಡ್ರೈವ್ ಕೊಟ್ಟಳು. ಬಾಗಿದ ಪರದೆಯಲ್ಲಿ ಫೋಟೋ ತೆರೆದುಕೊಂಡಿತು. ಅವಳು ಬಟ್ಟೆ ತುಂಡನ್ನು ತೆಗೆದು ಪಕ್ಕದಲ್ಲಿ ಹಿಡಿದಳು. ಎರಡೂ ಅಚ್ಚುಕಟ್ಟಾಗಿ ಹೊಂದಿದವು. ಎರ್ಮೋಹೆನೆಸ್ ಚಪ್ಪಾಳೆ ತಟ್ಟಿದ. ನಾನು ಜೇಬಿನಿಂದ ಪೆನ್ನು ತೆಗೆದೆ.

ಅಕ್ಕ ಮಾತ್ರ ಪರದೆ ಬಿಟ್ಟು ಕೈಯಲ್ಲಿದ್ದ ಬಟ್ಟೆಯನ್ನೇ ದಿಟ್ಟಿಸುತ್ತಿದ್ದಳು. "ತಮ್ಮಾ, ಈ ಬಟ್ಟೇನೇ ಪಕ್ಷಾಂತರ ಮಾಡ್ಬಿಟ್ಟಿದೆ ನೋಡೋ. ಇದು ನಮ್ಮ ಬಣ್ಣ ಅಲ್ಲ. ಚೀಸಿನವರದು."

ನಿಜವಾಗಿತ್ತು. ಆ ಮಹಡಿಯ ಓಣಿಯಲ್ಲಿ ಹಗಲಿನ ಬೆಳಕು ಒಂದಿಷ್ಟೂ ಇರಲಿಲ್ಲ. ಮೇಲೆ ನೀಲಿಗೆ ತಿರುಗಿದ ಟ್ಯೂಬುಗಳು, ಸುತ್ತ ಅಂಗಡಿಗಳ ಬಣ್ಣದ ದೀಪಗಳು. ಆ ಬೆಳಕಿನಲ್ಲಿ ರಾಣಿ ಗುಲಾಬಿ ಬಟ್ಟೆಯೂ ನೇರಳೆಯಾಗಿತ್ತು. ಅದಕ್ಕೆ ಪರದೆ ಹೊಂದುತ್ತದೆಯೆಂದರೆ ಪರದೆಯಲ್ಲೂ ತಪ್ಪಿದೆ ಎಂದರ್ಥ. ವರ್ಷಕ್ಕೊಮ್ಮೆ ಮಕ್ಕಳಿಗೆ ಇದೇ ಪಾಠ ಹೇಳುತ್ತೇನೆ: ವಸ್ತುವಿನ ಬಣ್ಣವೆಂದರೆ ಅದರ ಮೇಲೆ ಬಿದ್ದ ಬೆಳಕಿನಲ್ಲಿ ವಾಪಸು ಬಂದ ಭಾಗ. ಪಾಠ ನನಗೆ ಬಾಯಿಪಾಠವಿತ್ತು. ಕಣ್ಣಿಗೆ ಕಂಡದ್ದು ಅಕ್ಕನಿಗೆ.

"ಮಾನಿಟರನ್ನ ಹಗಲು ಬೆಳಕಿಗೆ ತಗೊಂಡು ಬನ್ನಿ," ಅಂದಳು ಅಕ್ಕ.

"ಏನು ತಾಯಿ, ಬೀದಿಗಾ?"

"ಬೀದಿ ಬೇಡ, ಅಲ್ಲಿ ಬೆಳಕು ಜಾಸ್ತಿ, ಪರದೆ ಮಂಕಾಗುತ್ತೆ," ಎಂದು ನಾನು ಬಾಯಿ ಹಾಕಿದೆ. "ಮೆಟ್ಟಿಲ ತಿರುವಲ್ಲಿ ದೊಡ್ಡ ಕಿಟಕಿ ಇದೆಯಲ್ಲ, ಅಲ್ಲಿ."

"ಇಂಜಿನಿಯರೇ, ನನ್ನ ಅಂಗಡಿ ಯಾರು ನೋಡ್ಕೋತಾರೆ? ಕೊಂಡ್ಕೊಳ್ಳಿ, ಮೌಸ್ ಕೊಡ್ತೀನಿ, ಮೌಸ್ ಇಡೋ ಚಾಪೆ ಕೊಡ್ತೀನಿ, ಎರಡು ಪುಟಾಣಿ ಸ್ಪೀಕರ್ ಕೊಸರು ಹಾಕ್ತೀನಿ. ಮೆಟ್ಟಿಲ ಮೇಲೆ ಎಲ್ಲಾ ಯಾಕೆ?"

"ಸ್ಪೀಕರ್ ನೀವೇ ಇಟ್ಕೊಳ್ಳಿ," ಅಂದಳು ಅಕ್ಕ. "ನನ್ನ ಕೊಸರು ಈಗ್ಲೇ ಕೊಡಿ. ಆ ಕಿಟಕಿ ಹತ್ರ ಹತ್ತು ನಿಮಿಷ, ಮೂರು ಮಾನಿಟರು. ಇದೇ ನನ್ನ ಕೊಸರು."

ಎರ್ಮೋಹೆನೆಸ್ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡು ಅವಳನ್ನು ಸರಿಯಾಗಿ ನೋಡಿದ. ನಮ್ಮಲ್ಲಿ ಕೊಸರು ಕೇಳುವುದು ಸಾಮಾನು ಕೈಗೆ ಬಂದ ಮೇಲೆ. ಆಲೂಗಡ್ಡೆ ತೂಗಿ ಚೀಲಕ್ಕೆ ಸುರಿದ ಮೇಲೆ ಇನ್ನೊಂದು ಹಿಡಿ. ಮೊದಲೇ ಕೇಳಿದವರನ್ನು ಅವನು ಕಂಡಿರಲಿಲ್ಲ.

"ಕೇಳಿದೆಯೇನೇ ಬೆನಿಲ್ಡಾ?" ಎಂದು ಪಕ್ಕದ ಕೇಬಲ್ ಅಂಗಡಿಯವಳಿಗೆ ಕೂಗಿ ಹೇಳಿದ. "ಕೊಳ್ಳೋಕ್ಮುಂಚೆ ಕೊಸರು ಕೇಳ್ತಾವ್ರೆ! ನಾಳೆ ಮದ್ವೆಗೆ ಮುಂಚೆ ಬಾಣಂತನ ಕೇಳ್ತಾರೆ!"

"ಕೊಡೋ ಮಾರಾಯ. ಬೆಳಗ್ಗಿಂದ ಕೂಗಿ ಕೂಗಿ ಒಂದು ಚಾಪೆನೂ ಮಾರಿಲ್ಲ ನೀನು. ಅಂಗಡಿ ನಾನು ನೋಡ್ಕೋತೀನಿ, ಹೋಗು," ಅಂದಳು ಬೆನಿಲ್ಡಾ, ಒಂದು ಉದ್ದನೆಯ ವಯರನ್ನೂ ಅವನತ್ತ ಎಸೆದಳು.

ಹೀಗೆ ಬಾಗಿದ ಪರದೆ, ಎಲ್ಲಕ್ಕಿಂತ ಅಗ್ಗದ ಪರದೆ, ಯಾರೂ ಕೇಳದೆ ಮೂಲೆಯಲ್ಲಿದ್ದ ಒಂದು ಸಾದಾ ಪರದೆ, ಮೂರೂ ಮೆಟ್ಟಿಲ ತಿರುವಿನಲ್ಲಿ ಸಾಲಾಗಿ ನಿಂತವು. ಕಿಟಕಿಯಾಚೆ ಲಿಮಾದ ಜೂನ್ ಆಕಾಶ ಎಂದಿನಂತೆ ಕತ್ತೆಯ ಹೊಟ್ಟೆಯ ಬೂದು ಬಣ್ಣಕ್ಕಿತ್ತು. ಬಿಸಿಲಿಲ್ಲ, ನೆರಳಿಲ್ಲ, ಎಲ್ಲ ಕಡೆಯಿಂದಲೂ ಒಂದೇ ಸಮನೆ ಬೆಳಕು. ಊರಿನವರೆಲ್ಲ ಬೈಯುವ ಆ ಆಕಾಶದ ಕೆಳಗೆ ಅಕ್ಕನ ಅಂಗೈಯಲ್ಲಿದ್ದ ಬಟ್ಟೆ ಮತ್ತೆ ರಾಣಿ ಗುಲಾಬಿಯಾಯಿತು.

ಬಾಗಿದ ಪರದೆಯ ಆಟ ಒಂದೇ ನೋಟಕ್ಕೆ ಮುಗಿಯಿತು. ಅದರ ಬಣ್ಣ ಬಟ್ಟೆಗಿಂತ ಎಷ್ಟೋ ನೇರಳೆಯಾಗಿ, ಎಷ್ಟೋ ಮಿರುಗುತ್ತಿತ್ತು. ಅಗ್ಗದ್ದು ಮಾತ್ರ ಚೆನ್ನಾಗಿ ಹೊಂದಿತು. ಅಕ್ಕನ ಮುಖ ಅರಳಿತು, ಅವಳು ಆಗಲೇ ಅದರ ಬೆಲೆ ಕೇಳಿದಳು. ಅಷ್ಟರಲ್ಲಿ ಕೆಳಗಿನಿಂದ ಊಟದ ಕ್ಯಾರಿಯರ್ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಾಲ್ಕು ಮೆಟ್ಟಿಲು ಕೆಳಗೇ ನಿಂತಳು.

"ಏನ್ರೀ, ಬಟ್ಟೆ ಮಾರಾಟಕ್ಕಿಟ್ಟಿದ್ದೀರಾ? ಆ ಮಧ್ಯದ್ದು ಒಳ್ಳೇ ಕಂದು ಬಣ್ಣ."

"ಕಂದು? ಗುಲಾಬಿ ಅಲ್ವಾ?" ಅಂದಳು ಅಕ್ಕ.

"ನಂಗೆ ಕಣ್ಣಿಲ್ವಾ? ಕಂದು."

ಮೇಲಿನ ಮೆಟ್ಟಿಲಲ್ಲಿ ಪೆಟ್ಟಿಗೆ ಹೊತ್ತು ಇಳಿಯುತ್ತಿದ್ದವನು ನಕ್ಕ. "ಎಲ್ಲಿಯ ಕಂದು? ಅದು ಬಿಳಿಚಿಕೊಂಡ ಗುಲಾಬಿ. ಹತ್ತು ಸಲ ಒಗೆದಂಗಿದೆ."

ಕ್ಯಾರಿಯರಿನವಳು ಮೇಲೆ ಹತ್ತಿ ಅವನ ಪಕ್ಕ ನಿಂತು ನೋಡಿದಳು. ಅವಳಿಗೂ ಗುಲಾಬಿಯೇ ಕಂಡಿತು. ಆಮೇಲೆ ಅವನನ್ನು ತನ್ನ ಜಾಗಕ್ಕೆ ಇಳಿಸಿದಳು. ಅವನೂ "ಅಯ್ಯೋ, ಹೌದಲ್ಲ" ಅಂದ. ಆ ಪರದೆ ಎದುರಿಗೆ ನಿಂತವರಿಗೆ ಒಂದು ಬಣ್ಣ, ಕೆಳಗಿನವರಿಗೆ ಇನ್ನೊಂದು, ಮೇಲಿನವರಿಗೆ ಮತ್ತೊಂದು ತೋರಿಸುತ್ತಿತ್ತು. ಮೇಜಿನ ಮುಂದೆ ಅಕ್ಕ ಬೆನ್ನು ನೆಟ್ಟಗೆ ಮಾಡಿದರೆ ಒಂದು ಲಂಗ, ಸಂಜೆಗೆ ದಣಿದು ಕುಸಿದು ಕೂತರೆ ಬೇರೆ ಲಂಗ. ಅಂಗಡಿಯಲ್ಲಿ ಎದುರುಬದುರು ನಿಂತು ನೋಡಿದ್ದರೆ ಇದು ನಮಗೆ ತಿಳಿಯುತ್ತಲೇ ಇರಲಿಲ್ಲ.

"ಈಗ ಈ ಕೊನೇದನ್ನ ನೋಡಿ," ಎಂದು ಅಕ್ಕ ಇಬ್ಬರನ್ನೂ ಕೆಲಸಕ್ಕಿಟ್ಟುಕೊಂಡವಳಂತೆ ಆಜ್ಞೆ ಮಾಡಿದಳು. ಒಬ್ಬರು ಹತ್ತಿದರು, ಒಬ್ಬರು ಇಳಿದರು. ಸಾದಾ ಪರದೆ ಯಾರಿಗೂ ಬಣ್ಣ ಬದಲಿಸಲಿಲ್ಲ. ಅಕ್ಕ ಬಟ್ಟೆಯನ್ನು ಅದರ ಅಂಚಿಗೆ ಒತ್ತಿ ಹಿಡಿದಳು. ಫೋಟೋ ಎಲ್ಲಿ ಮುಗಿಯಿತು, ಬಟ್ಟೆ ಎಲ್ಲಿ ಶುರುವಾಯಿತು ಎಂದು ನಾನು ಹುಡುಕಬೇಕಾಯಿತು.

"ಇದೇ," ಅಂದಳು.

ಆದರೆ ಅದರ ಬೆಲೆ ಒಂಬೈನೂರು. ನನ್ನ ಪಟ್ಟಿಯ "ಉಳಿದ ಹಣ"ಕ್ಕಿಂತ ಎರಡು ಪಟ್ಟು ಜಾಸ್ತಿ. ಎರ್ಮೋಹೆನೆಸ್ ಐವತ್ತು ಬಿಟ್ಟ, ಅದಕ್ಕಿಂತ ಕೆಳಗಿಳಿಯಲಿಲ್ಲ. ಮೆಟ್ಟಿಲ ಮೇಲೆಯೇ ಕುಳಿತು ಪಟ್ಟಿಯನ್ನು ಮಂಡಿಯ ಮೇಲಿಟ್ಟುಕೊಂಡೆ. ಹುಟ್ಟುಹಬ್ಬದ ಉಡುಗೊರೆ ವಾಪಸು ಕೊಡುವ ಹುಡುಗನ ಹಾಗೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಗೀಟು ಎಳೆದೆ. ಆಟ ಆಡುವವರಿಗೆ ಅದು ಬೇಕು. ಸ್ಥಿರಚಿತ್ರ ತಿದ್ದುವ ಅಕ್ಕನಿಗೆ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕು. ದೀಪದ ಡಬ್ಬ ಹೋಯಿತು. ಪ್ರೊಸೆಸರನ್ನು ಒಂದು ಮೆಟ್ಟಿಲು ಇಳಿಸಿದೆ. ಮೆಮೊರಿಯನ್ನು ಮಾತ್ರ ಹದಿನಾರು ಜಿಬಿಗಿಂತ ಇಳಿಸಲು ಒಪ್ಪಲಿಲ್ಲ, ಎಸ್‌ಎಸ್‌ಡಿ ಡಿಸ್ಕನ್ನೂ ಬಿಡಲಿಲ್ಲ. ಅವೆರಡು ಇಲ್ಲದಿದ್ದರೆ ಅಕ್ಕನಿಗೆ ಮತ್ತೆ ಕಷಾಯವೇ ಗತಿ. ಎಲ್ಲ ಸೇರಿ ಎರಡೂವರೆ ಸಾವಿರದೊಳಗೆ ಬಂತು.

"ತೆಗೆದು ಹಾಕಿದ್ದಕ್ಕೆ ಬೇಜಾರಾಯ್ತೇನೋ?" ಎಂದು ಅಕ್ಕ ಕೇಳಿದಳು.

"ದೀಪ ಚೆನ್ನಾಗಿತ್ತು," ಅಂದೆ.

ಹಬ್ಬ ಜುಲೈ ಕೊನೆಯಲ್ಲಿ ನಡೆಯಿತು. ಆಗಸ್ಟಿನ ಎರಡನೆಯ ವಾರ ಮೊದಲ ಆಲ್ಬಮ್ ಅಚ್ಚಾಗಿ ಬಂತು. ಅಕ್ಕ ಅದನ್ನು ಸ್ಟುಡಿಯೋದಲ್ಲಿ ತೆರೆಯಲಿಲ್ಲ. ನೇರ ಮಾರುಕಟ್ಟೆಗೇ ಒಯ್ದಳು, ನಾನು ಹಿಂದೆ ಹೋದೆ. ದೋನ್ಯಾ ಫೋರ್ತುನಾತಾ ಆಲೂಗಡ್ಡೆ ರಾಶಿಯ ಹಿಂದೆ ಎದ್ದು ನಿಂತು, ಕೈ ಒರೆಸಿಕೊಂಡು, ಒಂದೊಂದೇ ಪುಟ ತಿರುವಿದಳು.

"ನನ್ನ ಕಣ್ಣನ್ನ ನಾನು ನಂಬಲ್ಲ," ಅಂದಳು ಕೊನೆಗೆ. "ನಂಗೆ ನಮ್ಮದು ಯಾವತ್ತೂ ಚೆನ್ನಾಗೇ ಕಾಣುತ್ತೆ." ಆಮೇಲೆ ಎದುರು ಸಾಲಿಗೆ ಕೂಗಿದಳು: "ಎಯ್ ತಿಯೋಡೋಸಿಯಾ! ಬಾ ಇಲ್ಲಿ!"

ಚೀಸ್ ಸಾಲಿನ ಯಜಮಾನಿ ಸೆರಗಿನಂಥ ತನ್ನ ಮಾಂಟಾ ಶಾಲನ್ನು ಎಳೆದುಕೊಂಡು, ಅವಸರವೇ ಇಲ್ಲದೆ ಬಂದಳು.

"ಇದು ಯಾರ ಬಣ್ಣ, ಹೇಳು. ನಿಮ್ದಾ?"

ತಿಯೋಡೋಸಿಯಾ ಆಲ್ಬಮ್ಮನ್ನು ಬೆಳಕಿಗೆ ಹಿಡಿದು ನೋಡಿದಳು. ಮುಖ ಸಿಂಡರಿಸಿದಳು.

"ನಮ್ದಾ? ದೇವರು ಕಾಪಾಡ್ಲಿ! ಕುರಿ ಹೆದರಿ ಓಡಿಹೋಗೋಂಥ ಬಣ್ಣ ನಾವ್ಯಾಕೆ ತೊಡ್ತೀವಿ? ಒಂದು ಮೈಲಿ ದೂರದಿಂದ್ಲೂ ಗೊತ್ತಾಗುತ್ತೆ ಆಲೂಗಡ್ಡೆಯವರದು ಅಂತ."

ಫೋರ್ತುನಾತಾ ಅಷ್ಟು ದೊಡ್ಡದಾಗಿ ನಕ್ಕದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಆಲ್ಬಮ್ಮನ್ನು ಎದೆಗೆ ಅವಚಿಕೊಂಡು ಅಕ್ಕನ ಕಡೆ ತಿರುಗಿದಳು.

"ಇನ್ನು ಮೂವತ್ತೊಂಬತ್ತು ಮಾಡಿಸು, ಸೆನೋವಿಯಾ. ಬೇಗ."

ತಿಯೋಡೋಸಿಯಾ ಹೊರಡಲಿಲ್ಲ. ಒಂದು ಆಲೂಗಡ್ಡೆಯನ್ನು ಕೈಗೆತ್ತಿಕೊಂಡು, ಅದರಲ್ಲಿ ಏನೋ ದೋಷ ಹುಡುಕುತ್ತಿರುವವಳಂತೆ ತಿರುಗಿಸುತ್ತಾ, ಮೆಲ್ಲಗೆ ಅಕ್ಕನನ್ನು ಕೇಳಿದಳು:

"ನೇರಳೆನೂ ಹೀಗೇ ಬರುತ್ತಾ?"