ಹಗ್ಗ ಕತ್ತರಿಸಿದವಳ ಮುಖ

ಟೀವಿಯಲ್ಲಿ ಕಾಣುವುದನ್ನು ಕಣ್ಣಿಲ್ಲದವರಿಗೆ ಹೇಳುವುದು ಸೊಸೆಯ ಕೆಲಸ. ಧಾರಾವಾಹಿಯ ಪಾತ್ರಗಳು ಮಾತಾಡದೆ ಸುಮ್ಮನಿರುವ ಸಂದುಗಳನ್ನು ಹುಡುಕಿ, ಅಲ್ಲಿಗೆ ‘ಬಾಗಿಲು ತೆರೆಯುತ್ತಾನೆ’, ‘ಪತ್ರ ಹರಿಯುತ್ತಾಳೆ’ ಎಂದು ಚಿಕ್ಕ ಚಿಕ್ಕ ವಾಕ್ಯ ಬರೆದು, ಬಚ್ಚಲುಮನೆಯಷ್ಟು ದೊಡ್ಡ ಕೋಣೆಯೊಂದರಲ್ಲಿ ಮೈಕಿನ ಮುಂದೆ ಕೂತು ತಾನೇ ಓದುತ್ತಾಳೆ. ಕಚೇರಿಯಲ್ಲಿ ಈ ಕೆಲಸಕ್ಕೆ ಒಂದೇ ಒಂದು ಕಟ್ಟುಪಾಡು. ಕಂಡದ್ದನ್ನು ಹೇಳಬೇಕು, ಯಾಕೆಂದು ಹೇಳಬಾರದು. ಪಾತ್ರ ಅತ್ತರೆ ಅತ್ತಳು ಅನ್ನಬೇಕು. ದುಃಖಕ್ಕೆ ಅತ್ತಳೋ ಈರುಳ್ಳಿ ಹೆಚ್ಚಿ ಅತ್ತಳೋ ಅನ್ನುವುದು ಕೇಳುವವರ ತಲೆನೋವು.

ಸೊಸೆಗೆ ಇದು ನುಂಗಲಾರದ ತುತ್ತು. ಮಾತು ಕಲಿತ ದಿನದಿಂದ ಅವಳದು ‘ಯಾಕೆ’ ಎನ್ನುವ ಬಾಯಿ. ಮದುವೆಗೆ ಮುಂಚೆ ಹುಡುಗ ನೋಡಲು ಬಂದಾಗ ಅವನು ಎರಡು ಸಲ ಕೈಗಡಿಯಾರ ನೋಡಿಕೊಂಡದ್ದು ಯಾಕೆ ಎಂದು ಎಲ್ಲರೆದುರೇ ಕೇಳಿದ್ದಳಂತೆ. ಅಂಥವಳನ್ನು ಕರೆದು ‘ಯಾಕೆ’ ಬಿಟ್ಟು ಮಿಕ್ಕದ್ದು ಹೇಳು ಎಂದರೆ ಹೇಗಾಗಬೇಡ!

ಈ ಸಲ ಅವಳ ಮೇಜಿಗೆ ಬಂದದ್ದು ಆಕಾಶ ಹಡಗಿನ ಧಾರಾವಾಹಿ. ಇನ್ನೂರು ವರ್ಷ ದೂರದ ನಕ್ಷತ್ರಕ್ಕೆ ಹೊರಟ ಹಡಗು, ಅದರೊಳಗೆ ಗಾಜಿನ ಪೆಟ್ಟಿಗೆಗಳಲ್ಲಿ ನಿದ್ದೆ ಹೋದ ಅರವತ್ತು ಜನ, ಎಚ್ಚರವಿರುವವರು ಇಬ್ಬರೇ: ಹಡಗಿನ ನಾಯಕಿ ಮತ್ತು ಒಬ್ಬ ಮೆಕ್ಯಾನಿಕ್. ಮೂರು ವರ್ಷದ ಹಿಂದೆ ಮನೆಮನೆಯಲ್ಲೂ ಓಡಿದ ಕಥೆ. ಈಗ ಅದಕ್ಕೆ ವಿವರಣೆ ಸೇರಿಸಿ ಮತ್ತೆ ಹಾಕುವವರಿದ್ದರು.

ಸುದ್ದಿ ಕೇಳಿ ಮನೆಯಲ್ಲಿ ಕುಣಿದಾಡಿದವರು ಮಾವ. ಅವರು ಲಿಫ್ಟ್ ರಿಪೇರಿಯವರು, ಮೂವತ್ತೈದು ವರ್ಷ ಎತ್ತರದ ಕಟ್ಟಡಗಳಲ್ಲಿ ತಂತಿಹಗ್ಗದ ಜೊತೆ ಬಾಳಿದವರು. ಆರು ವರ್ಷದ ಹಿಂದೆ ಒಂದು ಜ್ವರ ಬಂದು ಎರಡೂ ಕಣ್ಣು ತೆಗೆದುಕೊಂಡು ಹೋಯಿತು. ಆಮೇಲೆ ಅವರ ಕಣ್ಣಾದವರು ಅತ್ತೆ. ಸೋಫಾದಲ್ಲಿ ಪಕ್ಕ ಕೂತು ಇಡೀ ಹಡಗಿನ ಕಥೆಯನ್ನು ಗಂಡನಿಗೆ ಒಪ್ಪಿಸಿದವರು ಅವರೇ. ಅತ್ತೆಯ ಬಾಯಿಯೂ ಸಾಮಾನ್ಯದ್ದಲ್ಲ. ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗಿ ನಿವೃತ್ತರಾದವರು. ದಾರಿಯಲ್ಲಿ ಕೆಟ್ಟು ನಿಂತ ಬಸ್ಸನ್ನೂ ‘ಇನ್ನು ಸ್ವಲ್ಪ ಹೊತ್ತಿನಲ್ಲಿ ಬರಲಿದೆ’ ಎಂದು ಕೂಗುತ್ತಿದ್ದರೆಂದು ಮಾವ ಈಗಲೂ ಛೇಡಿಸುತ್ತಾರೆ.

“ಒಂಬತ್ತನೇ ಕಂತು ನಿನ್ನ ದನೀಲಿ ಕೇಳ್ಬೇಕು ಮಗಳೇ,” ಎಂದರು ಮಾವ. “ಹಗ್ಗ ಕತ್ತರಿಸೋದು. ನಿಮ್ಮತ್ತೆ ಅದನ್ನ ಹೇಳಿದಾಗ ನಾನು ಊಟಾನೇ ಬಿಟ್ಟಿದ್ದೆ.”

ಆ ದೃಶ್ಯ ಮಾವನಿಗೆ ಬಾಯಿಪಾಠ. ಹಡಗಿನ ಹೊರಮೈ ದುರಸ್ತಿ ಮಾಡಲು ಮೆಕ್ಯಾನಿಕ್ ಹಗ್ಗ ಕಟ್ಟಿಕೊಂಡು ಹೊರಗೆ ಇಳಿದಿದ್ದಾನೆ. ಹಗ್ಗ ತಿರುಗುವ ಚಕ್ರಕ್ಕೆ ಸಿಕ್ಕಿಕೊಂಡಿದೆ. ಇನ್ನೆರಡು ನಿಮಿಷ ಬಿಟ್ಟರೆ ಚಕ್ರ ಮುರಿದು ಮಲಗಿರುವ ಅರವತ್ತು ಜನರೂ ಹೋಗುತ್ತಾರೆ. ನಾಯಕಿ ಹಗ್ಗವನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾಳೆ, ಕಣ್ಣು ಮುಚ್ಚುತ್ತಾಳೆ, ಬಿಕ್ಕಿ ಬಿಕ್ಕಿ ಅಳುತ್ತಾ ಕತ್ತರಿಸುತ್ತಾಳೆ. ಅವಳಿಗೆ ಅವನ ಮೇಲೆ ಮನಸ್ಸಿತ್ತು ಅನ್ನುವುದು ಮಾವನ ತೀರ್ಮಾನ. ಬೀದಿ ತುದಿಯ ಕ್ಷೌರದಂಗಡಿಯವನು ಒಂದು ದಿನ, “ಆ ಹೆಂಗಸಾ? ಅದು ಕಲ್ಲು ಬಿಡಿ ಸಾರ್,” ಎಂದಿದ್ದಕ್ಕೆ, “ಎರಡು ಕಣ್ಣಿದ್ದೂ ಕಾಣ್ಲಿಲ್ವಲ್ಲೋ ನಿನಗೆ!” ಎಂದು ಬೈದು, ಅರ್ಧ ಕ್ಷೌರದ ತಲೆಯಲ್ಲೇ ಎದ್ದು ಬಂದಿದ್ದರು.

ಕಚೇರಿಯಲ್ಲಿ ಒಂಬತ್ತನೇ ಕಂತು ಹಾಕಿಕೊಂಡ ಸೊಸೆ ಕಣ್ಣುಜ್ಜಿಕೊಂಡಳು. ಅದು ಪ್ರಸಾರವಾದಾಗ ಅವಳಿನ್ನೂ ತವರಿನಲ್ಲಿದ್ದಳು, ನೋಡಿರಲಿಲ್ಲ. ತೆರೆಯ ಮೇಲಿನ ನಾಯಕಿ ಹಗ್ಗವನ್ನು ಕೆನ್ನೆಗೆ ಒತ್ತಿಕೊಳ್ಳಲಿಲ್ಲ, ಕಣ್ಣು ಮುಚ್ಚಲಿಲ್ಲ, ಅಳಲೂ ಇಲ್ಲ. ನೇರ ನೋಡುತ್ತಾ ಕತ್ತರಿಸಿದಳು. ಒಂದು ನಿಮಿಷ ಐವತ್ತು ಸೆಕೆಂಡು ಮಾತಿಲ್ಲ, ಸಂಗೀತವಿಲ್ಲ, ಆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಕ್ಷೌರದಂಗಡಿಯವನು ಹೇಳಿದ್ದೇ ಸರಿ ಅನ್ನಿಸಿ ಅವಳು ‘ನಾಯಕಿಯ ಮುಖ ಕಲ್ಲಾಗಿದೆ’ ಎಂದು ಬರೆದಳು. ಬರಹ ತಿದ್ದುವ ಹಿರಿಯರು ಅದರ ಕೆಳಗೆ ಕೆಂಪು ಗೆರೆ ಎಳೆದರು. “ಕಲ್ಲು ಕಂಡೆಯಾ, ಇಲ್ಲಾ ನಿನಗೆ ಹಾಗನ್ನಿಸಿತಾ? ಇನ್ನೊಂದ್ಸಲ ನೋಡಮ್ಮ.”

ಅವಳು ಇನ್ನೊಂದು ಸಲವಲ್ಲ, ಇಪ್ಪತ್ತು ಸಲ ನೋಡಿದಳು. ಮುಖ ಬಿಟ್ಟು ಕೈ ನೋಡತೊಡಗಿದಾಗ ಬೇರೆ ಏನೋ ಕಂಡಿತು. ಹಗ್ಗ ಕತ್ತರಿಸಿದ ಮೇಲೆ ನಾಯಕಿ ತನ್ನ ಕೈಯಲ್ಲಿ ಉಳಿದ ತುಂಡನ್ನು ಸುರುಳಿ ಸುತ್ತಿದಳು. ಅಚ್ಚುಕಟ್ಟಾಗಿ ಏಳು ಸುತ್ತು. ಅದನ್ನು ಕೊಂಡಿಗೆ ನೇತುಹಾಕಿದಳು. ಆಮೇಲೆ ತೆಗೆದು, ಪೂರ್ತಿ ಬಿಚ್ಚಿ, ಮತ್ತೆ ಏಳು ಸುತ್ತು ಸುತ್ತಿ ಅದೇ ಕೊಂಡಿಗೆ ಹಾಕಿದಳು. ಯಾಕೆ? ಮೊದಲನೆಯ ಸುರುಳಿಯಲ್ಲಿ ಏನೂ ತಪ್ಪಿರಲಿಲ್ಲವಲ್ಲ. ಊಟದ ಹೊತ್ತಿನಲ್ಲೂ ಬಸ್ಸಿನಲ್ಲೂ ಸೊಸೆಯ ತಲೆಯಲ್ಲಿ ಅದೇ ಹಗ್ಗ.

ಅದಕ್ಕಿಂತ ದೊಡ್ಡ ‘ಯಾಕೆ’ ಮನೆಯಲ್ಲೇ ಇತ್ತು. ಸಂಜೆ ಅತ್ತೆ ಹಿತ್ತಿಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಸೊಸೆ ಹೋಗಿ ಪಕ್ಕದಲ್ಲಿ ನಿಂತಳು.

“ಅತ್ತೆ, ನಾಯಕಿ ಅಳೋದೇ ಇಲ್ವಲ್ಲ.”

ಅತ್ತೆ ದಿಂಬಿನ ಚೀಲವನ್ನು ಎರಡು ಸಲ ಕೊಡವಿದರು. “ನಂಗೆ ಗೊತ್ತಿತ್ತು, ನೀನು ಕೇಳ್ತೀಯ ಅಂತ. ನೀನು ಬಿಡೋಳಲ್ಲ.”

“ಮತ್ಯಾಕೆ ಹಾಗೆ ಹೇಳಿದ್ರಿ?”

“ಅವರು ಮುಖ ಹೇಗಿದೆ ಅಂತ ಕೇಳಿದ್ರು. ಏನೂ ಇಲ್ಲದ ಮುಖಾನ ಹೇಗೆ ಹೇಳ್ಲಿ? ಹೇಳಿದ್ರೆ ಯಾಕೆ ಅಂತ ಕೇಳದೆ ಬಿಡ್ತಾರಾ, ಅವರೂ ನಿನ್ ಥರಾನೇ. ಅಳ್ತಿದಾಳೆ ಅಂದೆ. ಒಂದ್ಸಲ ಅಳು ಶುರುವಾದ ಮೇಲೆ ಕೆನ್ನೆ, ಕಣ್ಣು ಎಲ್ಲಾ ತಾನಾಗೇ ಬಂತು.”

ಸೊಸೆಗೆ ನಗು ಬಂತು. ಅತ್ತೆಗೆ ಬರಲಿಲ್ಲ. ಅವರು ಬಟ್ಟೆಯ ಬುಟ್ಟಿಯನ್ನು ಕೆಳಗಿಟ್ಟು ಸೊಸೆಯ ಮೊಣಕೈ ಹಿಡಿದುಕೊಂಡರು.

“ಒಂದು ಮಾತು ನಡೆಸಿಕೊಡ್ತೀಯಾ? ಅವಳು ಅತ್ಲು ಅಂತಾನೇ ಓದಿಬಿಡು. ಒಂದೇ ಒಂದು ಹನಿ ಸಾಕು. ಆರು ವರ್ಷದಿಂದ ಅವರು ನಾನು ಹೇಳಿದ್ದನ್ನೇ ನಂಬಿಕೊಂಡು ಇದಾರೆ. ಗೋಡೆ ಬಣ್ಣ, ಡಾಕ್ಟರ ಮುಖ, ಬಂದೋರ ಬಟ್ಟೆ, ಎಲ್ಲಾ. ಇದೊಂದು ಸುಳ್ಳು ಅಂತ ಗೊತ್ತಾದ್ರೆ ಮಿಕ್ಕಿದ್ದೆಲ್ಲಾ ಏನಾಗುತ್ತೆ ಹೇಳು.”

“ಮಿಕ್ಕಿದ್ದೆಲ್ಲಾ ನಿಜಾನಾ?”

“ಬಹುಪಾಲು,” ಎಂದರು ಅತ್ತೆ. ಮೊಣಕೈ ಬಿಟ್ಟು, “ನನ್ನ ತಲೆಗೂದಲು ಇನ್ನೂ ಕಪ್ಪಗಿದೆ ಅಂದಿದೀನಿ,” ಎಂದು ಸೇರಿಸಿದರು.

ಸೊಸೆ ಮಾತು ಕೊಡಲಿಲ್ಲ, ಇಲ್ಲವೆನ್ನಲೂ ಬಾಯಿ ಬರಲಿಲ್ಲ. ಅತ್ತೆ ಅವಳಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಮರುದಿನ ಕಚೇರಿಯಲ್ಲಿ ‘ಕಣ್ಣಂಚಿನಲ್ಲಿ ಒಂದು ಹನಿ’ ಎಂದು ಬೆರಳಚ್ಚಿಸಿ ದೃಶ್ಯದ ಜೊತೆ ಓಡಿಸಿ ನೋಡಿದಳು. ಹನಿ ಬಂದ ಕೂಡಲೇ ಆ ಎರಡನೆಯ ಸುರುಳಿ ಸತ್ತೇ ಹೋಯಿತು. ಅಳುವವಳು ಹಗ್ಗ ಯಾಕೆ ಬಿಚ್ಚುತ್ತಾಳೆ, ಯಾಕೆ ಸುತ್ತುತ್ತಾಳೆ ಎಂದು ಯಾರೂ ಕೇಳುವುದಿಲ್ಲ, ಅಳುವಿನಲ್ಲೇ ಎಲ್ಲ ಮುಗಿದುಹೋಗುತ್ತದೆ. ಹೆಂಡತಿ ಗಂಡನಿಗೆ ಹೇಳುವ ಸುಳ್ಳು ಆ ಮನೆಯ ವಿಷಯ. ಅದನ್ನೇ ಸಂಬಳ ತೆಗೆದುಕೊಂಡು ಊರಿನ ಕಣ್ಣಿಲ್ಲದವರಿಗೆಲ್ಲ ಹೇಳಿದರೆ ಮೋಸ. ಅವಳು ಹನಿಯನ್ನು ಅಳಿಸಿ, ಕಂಡದ್ದನ್ನು ಕಂಡ ಹಾಗೆ ಓದಿ, ಮನೆಗೆ ಬಂದು ಅತ್ತೆಗೆ ಹೇಳಿದಳು. ಅತ್ತೆ “ಹೂಂ” ಎಂದರು. ಆ ವಾರವಿಡೀ ಅವಳೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ಸೊಸೆಗೆ ಅದು ಚುಚ್ಚಿತು, ಆದರೂ ಮಾಡಿದ್ದು ತಪ್ಪು ಅನ್ನಿಸಲಿಲ್ಲ.

ಭಾನುವಾರ ಮಧ್ಯಾಹ್ನ ಒಂಬತ್ತನೇ ಕಂತು ಬಂತು. ಮಾವ ಅರ್ಧ ಗಂಟೆ ಮುಂಚೆಯೇ ಸೋಫಾದಲ್ಲಿ ಆಸೀನರಾಗಿ, “ಏ, ಬಾರೇ, ಇವತ್ತು ನಿನಗೆ ರಜೆ!” ಎಂದು ಕೂಗಿದರು. ಅತ್ತೆ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು. ಕೊನೆಗೆ ಬಂದು ಗಂಡನ ಪಕ್ಕ, ದಿನಾ ಕೂರುವ ಜಾಗದಲ್ಲೇ ಕೂತರು. ಸೊಸೆ ಬಾಗಿಲ ಬಳಿಯ ಕುರ್ಚಿ ಹಿಡಿದಳು. ಅವಳಿಗೆ ಟೀವಿಯ ಚಿಂತೆಯಿರಲಿಲ್ಲ, ಅವಳು ನೋಡುತ್ತಿದ್ದದ್ದು ಮಾವನ ಮುಖ.

ದೃಶ್ಯ ಬಂತು. ಚಕ್ರದ ಗಡಗಡ, ಆಮೇಲೆ ಮೌನ. ಆ ಮೌನದಲ್ಲಿ ಸೊಸೆಯ ದನಿ ಒಂದೊಂದೇ ವಾಕ್ಯ ಇಳಿಸಿತು.

‘ನಾಯಕಿ ಕತ್ತರಿ ಎತ್ತಿಕೊಳ್ಳುತ್ತಾಳೆ. ಕಿಟಕಿಯ ಆಚೆ ಮೆಕ್ಯಾನಿಕ್ ತಲೆಯಾಡಿಸುತ್ತಾನೆ. ಅವನನ್ನೇ ನೋಡುತ್ತಾ ಅವಳು ಹಗ್ಗ ಕತ್ತರಿಸುತ್ತಾಳೆ. ಅವಳ ಮುಖ ಬದಲಾಗುವುದಿಲ್ಲ.’

ಮಾವನ ತಲೆ ಮೆಲ್ಲಗೆ ಹೆಂಡತಿಯ ಕಡೆ ತಿರುಗಿತು. ಅತ್ತೆ ತಮ್ಮ ಉಗುರು ನೋಡುತ್ತಿದ್ದರು.

‘ಉಳಿದ ಹಗ್ಗವನ್ನು ಏಳು ಸುತ್ತು ಸುತ್ತಿ ಕೊಂಡಿಗೆ ಹಾಕುತ್ತಾಳೆ. ತೆಗೆಯುತ್ತಾಳೆ. ಪೂರ್ತಿ ಬಿಚ್ಚುತ್ತಾಳೆ. ಮತ್ತೆ ಏಳು ಸುತ್ತು ಸುತ್ತಿ ಅದೇ ಕೊಂಡಿಗೆ ಹಾಕುತ್ತಾಳೆ.’

ಜಾಹೀರಾತು ಶುರುವಾಯಿತು. ಮಾವ ರಿಮೋಟಿಗೆ ಕೈಚಾಚಿ ಟೀವಿಯ ದನಿ ಇಳಿಸಿದರು.

“ಅವಳು ಅಳ್ಲಿಲ್ಲ,” ಎಂದರು.

“ಇಲ್ಲ,” ಎಂದರು ಅತ್ತೆ.

“ಕೆನ್ನೆಗೆ ಒತ್ತಿಕೊಳ್ಳಲೂ ಇಲ್ಲ.”

“ಇಲ್ಲ.”

ಈಗ ಆಯಿತು ಗ್ರಹಚಾರ ಎಂದುಕೊಂಡ ಸೊಸೆ ಕುರ್ಚಿಯ ತುದಿಗೆ ಬಂದಳು. ಆದರೆ ಮಾವ ಸಿಟ್ಟಾದ ಹಾಗೆ ಕಾಣಲಿಲ್ಲ. ಅವರ ಎರಡೂ ಕೈ ಗಾಳಿಯಲ್ಲಿ ಇಲ್ಲದ ಹಗ್ಗವೊಂದನ್ನು ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು.

“ಒಂದ್ಸಲ ನಮ್ಮ ಕೆಲಸದಲ್ಲಿ ಒಬ್ಬ ಬಿದ್ದುಹೋದ,” ಎಂದರು. “ಹನ್ನೊಂದನೇ ಮಹಡಿ. ಆವತ್ತು ನಮ್ಮ ಮೇಸ್ತ್ರಿ ಏನು ಮಾಡಿದ ಗೊತ್ತಾ? ಸ್ಪ್ಯಾನರ್ ಎಲ್ಲಾ ಒರೆಸಿ ಸಾಲಾಗಿ ಜೋಡಿಸಿದ. ಜೋಡಿಸಿದ್ದನ್ನ ಕೆಡಿಸಿ ಮತ್ತೆ ಜೋಡಿಸಿದ. ಏನು ಕಟುಕನಪ್ಪಾ ಇವನು ಅಂದ್ಕೊಂಡಿದ್ವಿ. ಆಮೇಲೆ ನೋಡಿದ್ರೆ ಕಾಲೇ ಬರ್ತಿರ್ಲಿಲ್ಲ ಅವನಿಗೆ, ನಾವೇ ಎತ್ತಿಕೊಂಡು ಇಳಿದ್ವಿ. ಇವಳೂ ಅಷ್ಟೇ. ಕಲ್ಲಲ್ಲ, ಹೆದರಿದಾಳೆ. ನಿಂತ್ರೆ ಬಿದ್ದೋಗ್ತೀನಿ ಅಂತ ಕೈಗೆ ಕೆಲಸ ಕೊಟ್ಟಿದಾಳೆ.”

ಸೊಸೆಗೆ ಎದೆ ಹಗುರಾಯಿತು. ವಾರದಿಂದ ಕೊರೆಯುತ್ತಿದ್ದ ‘ಯಾಕೆ’ಗೆ, ತೆರೆಯನ್ನೇ ಕಾಣದವರಿಂದ ಉತ್ತರ ಬಂದಿತ್ತು. ಅವಳು ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಅತ್ತೆ ಮಾತಾಡಿದರು.

“ಆವತ್ತು ಆಸ್ಪತ್ರೇಲಿ ನಾನೂ ಅಳ್ಲಿಲ್ಲ ರೀ.”

“ಯಾವತ್ತು?”

“ಇನ್ನು ಕಣ್ಣು ಬರಲ್ಲ ಅಂತ ಡಾಕ್ಟರು ಹೇಳಿದ ದಿನ. ಅಳ್ತಿದೀಯಾ ಅಂತ ನೀವು ಕೇಳಿದ್ರಿ. ಹೌದು ಅಂದೆ. ಅಳ್ತಿರಲಿಲ್ಲ. ಒಂದು ಹನೀನೂ ಬರ್ಲಿಲ್ಲ. ನಿಮ್ಮ ಶರಟು ಮಡಿಸ್ತಾ ಕೂತಿದ್ದೆ.”

ಮಾವನ ಕೈಗಳು ನಿಂತವು. ಅವರ ಹುಬ್ಬು ಗಂಟಿಕ್ಕಿದ್ದನ್ನು ಸೊಸೆ ನೋಡಿದಳು. ಆ ದಿನದ ಕಥೆ ಅವಳಿಗೂ ಗೊತ್ತಿತ್ತು, ಮಾವ ಎಷ್ಟೋ ಸಲ ಹೇಳಿದ್ದರು. ತಾನು ಕುಸಿದುಹೋಗುವ ಹಾಗಿದ್ದಾಗ ಹೆಂಡತಿ ಅಳುತ್ತಿದ್ದಾಳೆಂದು ಗೊತ್ತಾಗಿ, ಅವಳ ಕೈ ತಡಕಾಡಿ ಹಿಡಿದು, ಬೆಳಗಿನಿಂದ ಸಂಜೆವರೆಗೆ ಸಮಾಧಾನ ಮಾಡಿದ್ದೇ ಮಾಡಿದ್ದಂತೆ. ‘ಏನಾಗಲ್ಲ ಬಿಡೇ, ನಾನಿದೀನಿ’ ಎಂದು ನೂರು ಸಲ ಹೇಳುವಷ್ಟರಲ್ಲಿ ತನಗೇ ನಂಬಿಕೆ ಬಂದಿತ್ತಂತೆ.

“ಹಾಗಾದ್ರೆ ದಿನವಿಡೀ ನಾನು ಸಮಾಧಾನ ಮಾಡಿದ್ದು ಯಾರನ್ನೇ?”

“ನಿಮಗೂ ಏನಾದ್ರೂ ಕೆಲಸ ಬೇಕಿತ್ತಲ್ಲ,” ಎಂದರು ಅತ್ತೆ. “ಮಡಿಸೋಕೆ ಇದ್ದದ್ದು ಒಂದೇ ಶರಟು. ಅದು ನನ್ನ ಕೈಲಿತ್ತು.”

ಜಾಹೀರಾತು ಮುಗಿದು ಹಡಗು ಮತ್ತೆ ಹೊರಟಿತು. ಟೀವಿಯೊಳಗಿನಿಂದ ಸೊಸೆಯ ದನಿ ಸಣ್ಣಗೆ ಏನೋ ಹೇಳಿತು, ಯಾರೂ ಕೇಳಿಸಿಕೊಳ್ಳಲಿಲ್ಲ. ಮಾವ ಸೋಫಾದ ಮೇಲೆ ತಡಕಿ ಹೆಂಡತಿಯ ಕೈ ಹುಡುಕಿ ಹಿಡಿದುಕೊಂಡರು.

“ಆರು ವರ್ಷ ಆಯ್ತು. ಈಗ ಅಳು,” ಎಂದರು. “ನಂಗೂ ಪುರುಸೊತ್ತಿದೆ.”

ಅತ್ತೆ ಜೋರಾಗಿ ನಕ್ಕರು. “ಹೇಳಿದ ಕೂಡ್ಲೇ ಬರೋಕೆ ಅದೇನು ನಲ್ಲಿ ನೀರು…” ಎಂದವರಿಗೆ ಆ ಮಾತನ್ನು ಮುಗಿಸಲಾಗಲಿಲ್ಲ. ಸೊಸೆ ಎದ್ದು ಟೀವಿ ಆರಿಸಿ, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದಳು. ಒಳಗೆ ಮಾವನ ದನಿ ಕೇಳಿಸುತ್ತಿತ್ತು. ಏನಾಗಲ್ಲ ಬಿಡೇ, ನಾನಿದೀನಿ.