ಹಿರಿ ಜಾಗಟೆಯವನ ಎಚ್ಚರ

“ಒಂದೇ ಒಂದು ನುಂಗಿ ಪಾಕ್. ಗಂಟಲಲ್ಲಿ ಇಳಿದಿದ್ದೇ ಗೊತ್ತಾಗಲ್ಲ. ಕಣ್ಣು ಮುಚ್ಕೊಂಡು ನುಂಗಿಬಿಡಿ,” ಎಂದು ತ್ರಿಯಾನಿ ಹಸಿರು ಡಬ್ಬಿಯನ್ನು ಮುಂದೆ ಹಿಡಿದಳು. ಮೇಳಕ್ಕೆ ಅವಳು ಹಾಡುಗಾರ್ತಿ; ಉಳಿದ ಹೊತ್ತು ಬುದ್ಧಿ ಚುರುಕಾಗುವ ಗುಳಿಗೆ ಮಾರುತ್ತಾಳೆ. ಡಬ್ಬಿಯ ಮೇಲೆ ಒಂದೆಲಗದ ಎಲೆ, ಅದರ ಪಕ್ಕದಲ್ಲಿ ಸಿಡಿಲು ಬಡಿದಂತಿದ್ದ ಒಂದು ಮೆದುಳು.

“ಕಣ್ಣು ಮುಚ್ಚಿದ್ದಕ್ಕೇ ಅಲ್ವೇನಮ್ಮ ಇಷ್ಟೆಲ್ಲ ರಾದ್ಧಾಂತ ಆಗಿದ್ದು?” ಎಂದ ಮುದುಕ ಸುವಿತೊ; ಊರಿನ ಕಿರಿಯರಿಗೆಲ್ಲ ಅವನು ‘ಪಾಕ್’, ಅಂದರೆ ಅಪ್ಪ. ಡಬ್ಬಿಯನ್ನು ಮುಟ್ಟಲಿಲ್ಲ.

ರಾದ್ಧಾಂತ ಆದದ್ದು ಹೋದ ಶನಿವಾರ. ಊರಿನ ಗಾಮೆಲಾನ್ ಎಂಬ ಕಂಚಿನ ವಾದ್ಯಗಳ ಮೇಳದಲ್ಲಿ ಹಿರಿ ಜಾಗಟೆ ಬಾರಿಸುವುದು ಮೀಸೆ ಮೂಡಿದಾಗಿನಿಂದ ಸುವಿತೊನ ಕೆಲಸ. ಉಳಿದವರು ಬೆವರು ಸುರಿಸಿ ಕುಟ್ಟುತ್ತಿರುವಾಗ ಜಾಗಟೆಯವನು ಸುಮ್ಮನೆ ಕೂತಿರಬೇಕು. ಆವರ್ತ ಪೂರ್ತಿ ಸುತ್ತಿ ಬಂದಾಗ ಒಂದೇ ಪೆಟ್ಟು. ಕೆಲಸವಿಲ್ಲದ ಕೆಲಸ ಎಂದು ನಗುವವರು ಯಾರೂ ಅಷ್ಟು ಹೊತ್ತು ಸುಮ್ಮನೆ ಕೂತು ನೋಡಿದವರಲ್ಲ. ಹೋದ ಶನಿವಾರ ಆ ಪೆಟ್ಟು ಬೀಳಲೇ ಇಲ್ಲ. “ನಿದ್ದೆ ಮಾಡಿಲ್ಲ, ಕೇಳ್ತಾ ಇದ್ದೆ,” ಎಂದು ಸುವಿತೊ ಸಾಧಿಸಿದ. ಅವನು ಏನು ಕೇಳುತ್ತಿದ್ದನೋ, ಅವನ ಗೊರಕೆಯನ್ನಂತೂ ಇಡೀ ಮೇಳ ಕೇಳಿತ್ತು.

ಅಂದಿನಿಂದ ಊರಿಗೆ ಊರೇ ಅವನ ತಲೆಗೆ ವೈದ್ಯ ಮಾಡತೊಡಗಿತು. ಎದ್ದ ಕೂಡಲೇ ಹೆಂಡತಿ ಪೈನೆಮ್ ಅರೆದ ಒಂದೆಲಗದ ರಸ. ಪಕ್ಕದ ಮನೆಯಿಂದ ಜಿನ್ಸೆಂಗ್ ಬೇರಿನ ಕಾಫಿ. ಬುಟ್ಟಿ ಬೆನ್ನಿಗೆ ಕಟ್ಟಿಕೊಂಡು ಬೀದಿ ಬೀದಿ ಕಷಾಯ ಮಾರುವ ಜಾಮುವಿನವಳು ಈಗ ಮೊದಲು ಬುಟ್ಟಿ ಇಳಿಸುವುದು ಅವನ ಜಗಲಿಯಲ್ಲೇ. ಎಲ್ಲರ ಬಾಯಿ ಒಮ್ಮೆ ಮುಚ್ಚಿಸಿಬಿಡೋಣ ಎಂದು ಬುಧವಾರ ಅವನು ಎಲ್ಲವನ್ನೂ ಒಟ್ಟಿಗೆ ಕುಡಿದು, ಮೇಲೆ ತ್ರಿಯಾನಿಯ ಗುಳಿಗೆಯನ್ನೂ ನುಂಗಿದ. ಕಿವಿ ಕಾದವು. ಗೋಡೆಯ ಮೇಲೆ ಹಲ್ಲಿ ಹರಿದದ್ದೂ ಕೇಳಿಸಿತು. ಅಂದಿನ ಅಭ್ಯಾಸದಲ್ಲಿ ಆವರ್ತ ಮುಗಿಯುವ ಮೊದಲೇ ಅವನ ಕೋಲು ಜಾಗಟೆಗೆ ಅಪ್ಪಳಿಸಿತು. ಪೆಟ್ಟು ತಪ್ಪಿದರೆ ಮರೆವು ಎನ್ನಬಹುದು. ಮುಂಚೆ ಬಿದ್ದರೆ ಅದು ಮದುವೆಗೆ ಮೊದಲಿನ ಬಾಣಂತನ.

ಮದ್ದಳೆ ನುಡಿಸುತ್ತ ಮೇಳ ನಡೆಸುವ ದಲಿಮಾನ್ ಅಂದೇ ಹೇಳಿಬಿಟ್ಟಿದ್ದ: “ಶನಿವಾರ ಕೊನೇ ಸಲ ನೋಡ್ತೀನಿ ಪಾಕ್. ತಪ್ಪಿದ್ರೆ ನಿಮ್ಮ ಜಾಗದಲ್ಲಿ ಜುಮಾದಿ ಕೂರ್ತಾನೆ.”

ಜುಮಾದಿ ಲೋಹದ ಪಟ್ಟಿಗಳ ಸಾರೋನ್ ನುಡಿಸುವವನು. ಈ ಶನಿವಾರ, ತ್ರಿಯಾನಿಯ ಡಬ್ಬಿ ಹಿಂದೆ ಸರಿದ ಮೇಲೆ, ಕೂತಲ್ಲಿಂದಲೇ ಕೇಳಿದ: “ಇವತ್ತು ಏನೇನು ಏರಿಸ್ಕೊಂಡ್ ಬಂದ್ರಿ ಪಾಕ್?”

“ನೀರು.”

“ಬರೀ ನೀರಾ? ಹಂಗಾದ್ರೆ ನನ್ನ ಚಾಪೆ ಈಗ್ಲೇ ಆ ಕಡೆ ಹಾಸಿಬಿಡ್ಲಾ?”

“ಹಾಸು. ಮೇಳ ಮುಗಿದ್ಮೇಲೆ ಮಡಚಿ ಮನೆಗೆ ತಗೊಂಡ್ಹೋಗು. ಈ ತಲೆ ಹಳೇದಿರಬಹುದು ಲೇ, ಬಾಡಿಗೇದಲ್ಲ.”

ವಾದನ ಶುರುವಾಯಿತು. ಸುವಿತೊ ಎಲ್ಲರಿಗೂ ಕಾಣುವಂತೆ ಕಣ್ಣು ಮುಚ್ಚಿದ. ಪೆಟ್ಟಿನ ಹೊತ್ತು ಹತ್ತಿರವಾಗುತ್ತಿದ್ದಂತೆ ಮಂಟಪದ ಮೆಟ್ಟಿಲ ಮೇಲೆ ಕೂತಿದ್ದ ಪೈನೆಮ್ ಕೆಮ್ಮಿದಳು. ತ್ರಿಯಾನಿ ದನಿ ಏರಿಸಿದಳು. ಜುಮಾದಿ ತಿರುಗಿ ನೋಡಿದ. ಪೆಟ್ಟು ಬೀಳಬೇಕಾದಲ್ಲಿ ಬಿತ್ತು. ಮುಂದಿನ ಆವರ್ತದಲ್ಲೂ ಅದೇ ಕೆಮ್ಮು, ಅದೇ ಏರುದನಿ, ಅದೇ ನೋಟ. ಮುದುಕನ ಕೋಲಿನ ಪುಣ್ಯವೆಲ್ಲ ಹೆಂಡತಿಯ ಗಂಟಲಿನ ಖಾತೆಗೆ ಹೋಗುತ್ತಿತ್ತು.

ಎರಡು ರಾಗಗಳ ನಡುವಿನ ಬಿಡುವಿನಲ್ಲಿ ಅವನು ಮೆಟ್ಟಿಲ ಕಡೆ ತಿರುಗಿದ. “ಕೆಮ್ಮೋದು ನಿಲ್ಸು.”

“ಕೆಮ್ಮದಿದ್ರೆ ನಿಮ್ಗೆ ಎಚ್ಚರ ಆಗ್ಬೇಕಲ್ಲ!”

“ಎಚ್ಚರ ಇದ್ದಿದ್ದಕ್ಕೇ ಕಣೇ ನಿನ್ನ ಕೆಮ್ಮು ಕೇಳ್ಸಿದ್ದು. ಸಾಯೋ ತನಕ ಹಿಂಗೇ ಕೆಮ್ತೀಯೇನು? ಒಂದು ಸಲ ನನ್ನ ಪಾಡಿಗೆ ಬಿಡು.”

ಪೈನೆಮ್ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

ಕೊನೆಯ ರಾಗ. ದಲಿಮಾನನ ಬೆರಳುಗಳು ಮದ್ದಳೆಯ ಮೇಲೆ ನಿಧಾನವಾದವು; ಮುಗಿಸುವ ಸನ್ನೆ ಅದು. ಓಡುತ್ತಿದ್ದ ಸ್ವರಗಳೆಲ್ಲ ಮನೆ ಕಂಡ ಎತ್ತುಗಳಂತೆ ಹೆಜ್ಜೆ ಸಣ್ಣದು ಮಾಡಿದವು. ಇಲ್ಲಿ ಕೊನೆಯ ಸ್ವರವನ್ನು ಜಾಗಟೆಗಿಂತ ಮುಂಚೆ ಯಾರೂ ನುಡಿಸುವಂತಿಲ್ಲ. ಜಾಗಟೆ ಬೀಳಬೇಕು, ಅದರ ಬೆನ್ನಿಗೆ ಎಲ್ಲರೂ ಒಂದೇ ಸಲ ನುಡಿಸಿ ಕೈ ಇಳಿಸಬೇಕು. ಎಲ್ಲರ ಕೋಲೂ ಮೇಲೆದ್ದು ನಿಂತಿತು.

ಜಾಗಟೆ ಬೀಳಲಿಲ್ಲ.

ಸುವಿತೊನ ಕಣ್ಣು ಮುಚ್ಚಿಯೇ ಇದ್ದವು. ಎಲ್ಲ ಕೇಳಿಸುತ್ತಿತ್ತು: ತ್ರಿಯಾನಿ ಹಿಡಿದಿಟ್ಟ ಉಸಿರು, ದಲಿಮಾನ್ ಕೂತಲ್ಲೇ ಮಿಸುಕಿದ್ದು, ಯಾರದೋ ಬಳೆ. ಮುಗಿಸಲು ಎಷ್ಟು ಅವಸರ ಇವರಿಗೆಲ್ಲ, ಅಂದುಕೊಂಡ. ಸ್ವರ ಇನ್ನೂ ಹಣ್ಣಾಗಿರಲಿಲ್ಲ.

“ಮುಗೀತು, ಮಲಗ್ಬಿಟ್ರು!” ಎನ್ನುತ್ತ ಜುಮಾದಿ ಜಾಗಟೆಯ ಕೋಲು ಕಸಿಯಲು ಎದ್ದು ಕಾಲು ಎತ್ತಿ ಹಾಕಿದ.

ಆಗ ಪೆಟ್ಟು ಬಿತ್ತು. ಅದರ ಬೆನ್ನಿಗೇ ಎಲ್ಲರ ಕೋಲುಗಳೂ ಇಳಿದವು, ಸಾರೋನಿನದೊಂದು ಬಿಟ್ಟು.

ವಾದ್ಯವನ್ನು ದಾಟಬಾರದು ಎಂದು ಈ ಊರಿನಲ್ಲಿ ಅಂಬೆಗಾಲಿಡುವ ಮಗುವಿಗೂ ಹೇಳಿಕೊಟ್ಟಿರುತ್ತಾರೆ. ಜುಮಾದಿಯ ಒಂದು ಕಾಲು ಸಾರೋನಿನ ಆಚೆ ಇತ್ತು, ಇನ್ನೊಂದು ಈಚೆ. ನಾದ ಇಂಗುವ ತನಕ ಅಲುಗುವಂತಿರಲಿಲ್ಲ, ಅವನು ಹಾಗೇ ನಿಂತ. ದಲಿಮಾನ್ ನೋಡುತ್ತಿದ್ದುದು ಮುದುಕನನ್ನಲ್ಲ, ಆ ಕಾಲನ್ನು.

ನಾದ ನೆಲದೊಳಗೆ ಹರಿಯುತ್ತಲೇ ಇತ್ತು. ಮದ್ದಳೆಯ ಪಕ್ಕದಲ್ಲಿ ಯಾರೂ ಕುಡಿಯದೆ ಬಿಟ್ಟ ಚಹಾದ ಲೋಟದಲ್ಲಿ ಉಂಗುರದ ಮೇಲೆ ಉಂಗುರ ಎದ್ದು, ಅಂಚಿಗೆ ಹೋಗಿ, ಮತ್ತೆ ನಡುವಿಗೆ ಬರುತ್ತಿತ್ತು.